ರೊಟ್ಟಿ ಮನಿಗೆ ಬಂದ ಜಿಎಸ್‌ಟಿ ನೋಟಿಸ್: ಹುಬ್ಬಳ್ಳಿಯ ಒಂದು ಪ್ರಕರಣ

2025ರ ಜುಲೈನಾಗ ಒಂದಿನ ಮುಂಜಾನೆ ಆಫೀಸ್ ಬಾಗಿಲಾ ತಗ್ಯಾಕ ಹೋದ್ರ ಮೆಟ್ಟಿಲ ಮ್ಯಾಲೆ ಒಬ್ಬ ಹೆಣ್ಮಗಳು ಕುಂತಿದ್ರು. ಕೈಯಾಗ ಒಂದ್ ಚೀಲ, ಚೀಲದಾಗ ನಾಕ್ ಮಡಿಕಿ ಮಾಡಿದ್ದ ಕಾಗದ. ಎದ್ದು ನಿಂತವ್ರ ಮೊದಲ್ನೇ ಮಾತು, "ತಮ್ಮಾ, ಇಪ್ಪತ್ತೈದ್ ಲಕ್ಷ ಅಂದ್ರ ಮನಿ ಮಾರಿದ್ರೂ ಬರಂಗಿಲ್ಲ."

ನಾನು ಹುಬ್ಬಳ್ಳಿಯಾಗ ಸಣ್ಣ ವ್ಯಾಪಾರಸ್ಥರ ಲೆಕ್ಕ ಬರಿಯೋದು, ಜಿಎಸ್‌ಟಿ ರಿಟರ್ನ್ ತುಂಬೋದು ಮಾಡ್ತೀನಿ. ಈ ಪ್ರಕರಣ ಪೂರ್ತಿ ಬರಿಯಾಕ ಕಾರಣ ಏನಂದ್ರ ಇದರಾಗ ಇರೋ ಒಂದ್ ಸೂಕ್ಷ್ಮ ನನ್ನ ಕಣ್ಣಿಗೂ ಮೊದಲ ಬೀಳ್ಲಿಲ್ಲ, ಮತ್ತ ಅದೇ ಸೂಕ್ಷ್ಮ ಧಾರವಾಡ, ಗದಗ, ಹಾವೇರಿ ಕಡೆ ಇನ್ನೂ ಎಷ್ಟ್ ಮನಿಯಾಗ ಕುಂತೈತೋ ಗೊತ್ತಿಲ್ಲ. ಓಣಿ ಹೆಸರು ಹೇಳಂಗಿಲ್ಲ, ಮಂದಿ ಹೆಸರು ಹೇಳಂಗಿಲ್ಲ, ಅಂಕಿ ಸ್ವಲ್ಪ ಆಚೀಚೆ ಮಾಡೀನಿ, ಆದ್ರ ಲೆಕ್ಕ ಹೋದ ದಾರಿ ಇದ್ದಂಗೇ ಇಟ್ಟೀನಿ. ಅವ್ರನ್ನ ಇಲ್ಲೆ ಅಕ್ಕಾರು ಅಂತ ಕರೀತೀನಿ, ಎದುರಿಗೂ ಹಂಗೇ ಕರೀತೀನಿ.

ಅಕ್ಕಾರು ಹತ್ತು ವರ್ಷದ ಹಿಂದ ಮನ್ಯಾಗ ಒಂದ ಹಂಚು ಇಟ್ಕೊಂಡು ಎರಡು ಖಾನಾವಳಿಗೆ ಖಡಕ್ ರೊಟ್ಟಿ ಕೊಡಾಕ ಚಾಲೂ ಮಾಡಿದವ್ರು. ಈಗ ಒಂಬತ್ತು ಹೆಣ್ಮಕ್ಕಳು ಅವ್ರ ಹತ್ರ ಕೆಲಸ ಮಾಡ್ತಾರ, ದಿನಕ್ಕ 1,300-1,400 ರೊಟ್ಟಿ ಆಗ್ತಾವ. ಜೋಳ ಅಮರಗೋಳ ಎಪಿಎಂಸಿಯಿಂದ ಬರ್ತೈತಿ, ಓಣಿ ಗಿರಣಿಯಾಗ ಬೀಸಿಸ್ತಾರ. ಜೊತಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಬ್ಬದಾಗ ಶೇಂಗಾ ಹೋಳಿಗಿ. ಖಾನಾವಳಿಗಳು, ಹಾಸ್ಟೆಲ್ ಹುಡುಗರು, ಪುಣೆ ಬೆಂಗಳೂರಿಂದ ಊರಿಗೆ ಬಂದವ್ರು ಹೋಗೂವಾಗ ನೂರು ಇನ್ನೂರು ರೊಟ್ಟಿ ಕಟ್ಟಿಸ್ಕೊಂಡು ಹೋಗೋರು, ಇವ್ರೇ ಗಿರಾಕಿ. 2020ರ ಲಾಕ್‌ಡೌನ್ ನಂತರ ಮಗ ಒಂದು ಕ್ಯೂಆರ್ ಅಂಟಿಸಿದ, ಅಕ್ಕಾರ ಸೇವಿಂಗ್ಸ್ ಖಾತೆದ್ದು. ಅಲ್ಲಿಂದ ಮುಂದ ಅವ್ರ ಬದುಕಿನ ಎಲ್ಲಾ ರೊಕ್ಕ ಆ ಒಂದ ಖಾತೆಗೆ ಬಂತು, ರೊಟ್ಟಿದೂ ಬಂತು, ಸ್ವಸಹಾಯ ಸಂಘದ ಕಂತೂ ಬಂತು, ಮಗ ಬೆಂಗಳೂರಿಂದ ಕಳಿಸಿದ್ದೂ ಬಂತು, ಮಗಳ ಮದುವಿಗೆ ತಗೊಂಡ ಕೈಗಡಾನೂ ಬಂತು.

ನೋಟಿಸ್‌ನಾಗ ಇದ್ದಿದ್ದು ಇಷ್ಟು. 2021-22ರಾಗ ಯುಪಿಐ ಮೂಲಕ ಬಂದಿದ್ದು 22 ಲಕ್ಷ, 2022-23ರಾಗ 31, 2023-24ರಾಗ 38, 2024-25ರಾಗ 47. ಒಟ್ಟು 1 ಕೋಟಿ 38 ಲಕ್ಷ. ಅದಕ್ಕ ಶೇ 18 ಹಾಕಿ ಸುಮಾರು 25 ಲಕ್ಷ. ನೋಂದಣಿ ಇಲ್ಲದ ವ್ಯಾಪಾರ ಮಾಡೀರಿ, ಯಾಕ ತೆರಿಗಿ ಕಟ್ಟಿಲ್ಲ, ದಾಖಲಿ ಸಮೇತ ಉತ್ತರ ಕೊಡ್ರಿ ಅಂತ.

ಆ ತಿಂಗಳು ರಾಜ್ಯದ ತುಂಬ ಸಾವಿರಾರು ಸಣ್ಣ ಅಂಗಡಿಗೆ ಇಂಥಾ ನೋಟಿಸ್ ಬಂದಿದ್ವು. ಪಕ್ಕದ ಹಾವೇರಿಯಾಗ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ್ದು ಬಂದದ ಅಂತ ಪೇಪರ್‌ನಾಗ ಬಂದಾಗಂತೂ ಎಲ್ಲಾರಿಗೂ ಎದಿ ಒಡದ್ಹಂಗಾತು, ಯಾಕಂದ್ರ ಹಸಿ ತರಕಾರಿಗೆ ಜಿಎಸ್‌ಟಿನೇ ಇಲ್ಲ. ಜುಲೈ 25ಕ್ಕ ಬಂದ್ ಅಂತ ಕರೆ ಆತು, 23ಕ್ಕ ಮುಖ್ಯಮಂತ್ರಿ ಸಿದ್ದರಾಮಯ್ಯನವ್ರು ವ್ಯಾಪಾರಸ್ಥರ ಸಭೆ ಕರದು ವಿನಾಯಿತಿ ಇರೋ ಸಾಮಾನಿಗೆ ತೆರಿಗಿ ಕೇಳಂಗಿಲ್ಲ, ಹಳೇ ಬಾಕಿಗೂ ಒತ್ತಾಯ ಇಲ್ಲ, ಆದ್ರ ಮುಂದ ನೋಂದಣಿ ಮಾಡಿಸ್ರಿ ಅಂದ್ರು. ಅಕ್ಕಾರು ನನ್ನ ಹತ್ರ ಬಂದಿದ್ದು ಈ ಸಭೆಗಿಂತ ಮೊದಲ, ಆವಾಗ ಇನ್ನೂ ಯಾವ ಭರವಸೆನೂ ಇರ್ಲಿಲ್ಲ.

ನನ್ನ ಹತ್ರ ಬರೂಕಿಂತ ಮುಂಚೆ ಅವ್ರು ಎರಡು ಕೆಲಸ ಮಾಡಿದ್ರು, ಎರಡೂ ಹೆದರಿ ಮಾಡಿದ್ದು. ಒಂದು, ಕ್ಯೂಆರ್ ಕಿತ್ತು ಹಾಕಿದ್ದು. ಎಲ್ಲಾ ಕಡೆ "ಬರೀ ಕ್ಯಾಶ್" ಅಂತ ಬೋರ್ಡ್ ಬಿದ್ದಿದ್ವಲ್ಲ, ಇವ್ರೂ ಹಾಕಿದ್ರು. ಹಾಸ್ಟೆಲ್ ಹುಡುಗರ ಕೈಯಾಗ ಚಿಲ್ಲರೆ ಇರಂಗಿಲ್ಲ, ಹತ್ತ್ ರೊಟ್ಟಿ ತಗೊಂಡು ನಾಳೆ ಕೊಡ್ತೀನಿ ಅಂತ ಹೋದ್ರು, ಒಂದ ವಾರದಾಗ ಉದ್ರಿ ವಹಿ ಮೂರು ಪುಟ ತುಂಬ್ತು. ಎರಡನೇದು ಇನ್ನೂ ಅಪಾಯದ್ದು. ಯಾರೋ ಪರಿಚಯದವ್ರ ಮೂಲಕ ಒಬ್ಬ ಬಂದು 40 ಸಾವಿರ ಕೊಡ್ರಿ, ಫೈಲ್ ಮುಚ್ಚಿಸ್ತೀನಿ ಅಂದಿದ್ದ. ಅಕ್ಕಾರು ಬಂಗಾರದ ಒಂದ್ ಎಳಿ ಒತ್ತಿ ಇಟ್ಟು ರೊಕ್ಕ ತಂದು ಮನ್ಯಾಗ ಇಟ್ಕೊಂಡಿದ್ರು, ಕೊಡೂದೊಂದ ಬಾಕಿ ಇತ್ತು. ನಾನು ಅವತ್ತು ಜೋರ್ ಮಾಡೇ ಹೇಳ್ದೆ, ಅಕ್ಕಾರ, ಇದು ತೆರಿಗಿ ಕಟ್ಟ್ರಿ ಅನ್ನೋ ಕೊನೇ ಆದೇಶ ಅಲ್ಲ, ಉತ್ತರ ಕೇಳ್ಯಾರ, ಉತ್ತರ ಕೊಡೂದಕ್ಕ ಯಾರಿಗೂ ಒಂದ್ ರೂಪಾಯಿ ಕೊಡೂದು ಬ್ಯಾಡ, ಎಳಿ ನಾಳೆನೇ ಬಿಡಿಸ್ಕೊಂಡು ಬರ್ರಿ. ಬಿಡಿಸ್ಕೊಂಡು ಬಂದ್ರು. ಈ ಪ್ರಕರಣದಾಗ ಮೊದಲ್ನೇ ತಿರುವು ಇದೇ ಅಂತ ನಾ ತಿಳ್ಕೊಂಡೀನಿ. ಹೆದ್ರಿದ ಮನಷಾ ಮೊದಲ ರೊಕ್ಕ ಹುಡುಕ್ತಾನ, ಕಾಗದ ಆಮ್ಯಾಲೆ ಹುಡುಕ್ತಾನ, ಇಲ್ಲೆ ಅದನ್ನ ತಿರುವು ಮುರುವು ಮಾಡಬೇಕಾಗಿತ್ತು.

ಕ್ಯೂಆರ್ ವಿಷಯಕ್ಕೂ ಒಂದ್ ಮಾತು ಹೇಳಬೇಕು, ಯಾಕಂದ್ರ ಈ ತಪ್ಪು ತಿಳುವಳಿಕಿ ಭಾಳ ಮಂದಿಗೆ ಐತಿ. ಜಿಎಸ್‌ಟಿಗೆ ಯುಪಿಐ, ನಗದು ಅಂತ ಭೇದ ಇಲ್ಲ. ಮಾರಿದ್ದು ಎಷ್ಟು ಅನ್ನೂದ ಮುಖ್ಯ, ರೊಕ್ಕ ಯಾವ ದಾರಿಯಿಂದ ಬಂತು ಅನ್ನೂದಲ್ಲ. ಕ್ಯಾಶ್ ತಗೊಂಡ್ರೂ ಅದು ವಹಿವಾಟೇ. ಯುಪಿಐ ನಿಲ್ಲಿಸಿದ್ರ ನಮ್ಮ ಕೈಯಾಗ ಇರೋ ಒಳ್ಳೆ ಸಾಕ್ಷಿ ನಾವ ಅಳಿಸಿದಂಗ ಆಗ್ತೈತಿ. ಅಕ್ಕಾರು ಮರುದಿನ ಕ್ಯೂಆರ್ ವಾಪಸ್ ಹಾಕಿದ್ರು, ಆದ್ರ ಈ ಸಲ ಬ್ಯಾಂಕಿನಾಗ ಬ್ಯಾರೆ ಕರೆಂಟ್ ಅಕೌಂಟ್ ತಗದು ಅದರದ್ದು.

ಆಮ್ಯಾಲೆ ಕುಂತಿದ್ದು ಸ್ಟೇಟ್‌ಮೆಂಟ್ ಮುಂದ. ನಾಕ್ ವರ್ಷದ್ದು, ಹತ್ತು ರೂಪಾಯಿ, ಐವತ್ತು ರೂಪಾಯಿ, ನೂರಾ ಇಪ್ಪತ್ತು ರೂಪಾಯಿ, ಸಾವಿರಾರು ಸಾಲು. ಓಣಿಯ ಬಿಕಾಂ ಓದೋ ಹುಡುಗಿ ಒಬ್ಬಾಕಿ, ಅಕ್ಕಾರ ಮಗ, ನಾನು, ಮೂರೂ ಮಂದಿ ಹನ್ನೊಂದು ದಿನ ಸಂಜಿ ಕುಂತು ಒಂದೊಂದು ಸಾಲಿಗೆ ಬಣ್ಣ ಹಚ್ಚಿದ್ವಿ. ಹಸಿರು ರೊಟ್ಟಿದು, ಹಳದಿ ಸಂಘದ್ದು, ಕೆಂಪು ಕೈಗಡ, ನೀಲಿ ಮನಿಯವ್ರದ್ದು. 2024-25ರ 47 ಲಕ್ಷ ಬಿಡಿಸಿದಾಗ ಬಂದಿದ್ದು ಹಿಂಗ: ವ್ಯಾಪಾರದ್ದು 33 ಲಕ್ಷ 20 ಸಾವಿರ, ಸಂಘದ ಸದಸ್ಯರು ಕಟ್ಟಿದ ಕಂತು 4 ಲಕ್ಷ 60 ಸಾವಿರ (ಅಕ್ಕಾರು ಸಂಘದ ಪ್ರತಿನಿಧಿ, ಎಲ್ಲಾರೂ ಇವ್ರ ನಂಬರಿಗೆ ಹಾಕ್ತಿದ್ರು, ಇವ್ರು ಒಟ್ಟಿಗೆ ಬ್ಯಾಂಕಿಗೆ ಕಟ್ತಿದ್ರು), ಮಗ ತಿಂಗಳಾ ಕಳಿಸಿದ 30 ಸಾವಿರ ಅಂದ್ರ ವರ್ಷಕ್ಕ 3 ಲಕ್ಷ 60 ಸಾವಿರ, ತವರು ಮನಿಯಿಂದ ಕೈಗಡ 3 ಲಕ್ಷ, ಅವ್ರದೇ ಇನ್ನೊಂದು ಖಾತೆಯಿಂದ ಇಲ್ಲಿಗೆ ತಿರುವಿದ್ದು 2 ಲಕ್ಷ 60 ಸಾವಿರ.

ಕಂತಿಗೆ ಸಂಘದ ಪಾಸ್‌ಬುಕ್ ಇತ್ತು, ಮಗಂದಕ್ಕ ಅವನ ಖಾತೆ ವಿವರ ಇತ್ತು. ಆದ್ರ ವ್ಯಾಪಾರ 33 ಲಕ್ಷನೇ, ಅದಕ್ಕಿಂತ ಹೆಚ್ಚಿಲ್ಲ ಅಂತ ಹೆಂಗ ತೋರಿಸೂದು? ಬಿಲ್ ಬುಕ್ ಇಲ್ಲ, ಲೆಜರ್ ಇಲ್ಲ. ನಾನು ತಲಿ ಮ್ಯಾಲೆ ಕೈ ಇಟ್ಕೊಂಡು ಕುಂತಾಗ ಅಕ್ಕಾರು ಒಳಗಿಂದ ಒಂದ್ ಗಂಟು ತಂದ್ರು. ಕ್ಯಾಲೆಂಡರ್. ಹಾಲಿನ ಲೆಕ್ಕ ಬರಿತಾರಲ್ಲ, ಹಂಗ ಅವ್ರು ದಿನಾ ಎಷ್ಟ್ ರೊಟ್ಟಿ ಆದ್ವು, ಯಾವ ಹೆಣ್ಮಗಳು ಎಷ್ಟ್ ಬಡದ್ಲು ಅಂತ ತಾರೀಖಿನ ಮನ್ಯಾಗ ಪೆನ್ಸಿಲಿಂದ ಬರ್ಕೊಂಡಿದ್ರು, ಯಾಕಂದ್ರ ಕೂಲಿ ರೊಟ್ಟಿ ಎಣಿಕಿ ಮ್ಯಾಲೆ. ವರ್ಷ ಮುಗಿದ ಮ್ಯಾಲೂ ಒಗದಿರಲಿಲ್ಲ. ಆ ಎಣಿಕಿ ಕೂಡಿಸಿ ದರಕ್ಕ ಗುಣಿಸಿದ್ರ ವರ್ಷಕ್ಕ ರೊಟ್ಟಿದ ಹತ್ತಿರ ಹತ್ತಿರ 27 ಲಕ್ಷ ಬಂತು, ಹಿಂಡಿ ಹೋಳಿಗಿ ಬ್ಯಾರೆ. ಹಸಿರು ಬಣ್ಣದ ಮೊತ್ತಕ್ಕ ನಗದು ವ್ಯಾಪಾರ ಸೇರಿಸಿದ್ರ ಲೆಕ್ಕ ಸರಿಯಾಗಿ ಹೊಂದ್ತು. ನಗದು ಎಷ್ಟ್ ಅಂತ ನಾನು ಕೇಳಿದಾಗ ಅಕ್ಕಾರು ಮುಚ್ಚಿಡ್ಲಿಲ್ಲ, 5 ಲಕ್ಷದ ಮ್ಯಾಲೆ ಅಂದ್ರು, ಕ್ಯಾಲೆಂಡರ್ ಪ್ರಕಾರ 5 ಲಕ್ಷ 30 ಸಾವಿರ. ಅಂದ್ರ ನಿಜವಾದ ವಹಿವಾಟು 38 ಲಕ್ಷ 50 ಸಾವಿರ.

ಜಿಎಸ್‌ಟಿ 2017ರ ಜುಲೈ 1ಕ್ಕ ಬಂದಾಗ ನೋಂದಣಿ ಮಿತಿ, ಅಂದ್ರ ವರ್ಷದ ವಹಿವಾಟು ಎಷ್ಟ್ ದಾಟಿದ್ರ ನೋಂದಣಿ ಮಾಡಿಸಬೇಕು ಅನ್ನೋ ಗೆರಿ, 20 ಲಕ್ಷ ಇತ್ತು, 2019ರ ಏಪ್ರಿಲ್‌ನಿಂದ ಸಾಮಾನು ಮಾರೋರಿಗೆ ನಮ್ಮ ರಾಜ್ಯದಾಗ 40 ಲಕ್ಷ. ಮೂವತ್ತೆಂಟೂವರೆ ಅಂದ್ರ ನಲವತ್ತರ ಒಳಗ. ಹಿಂದಿನ ಮೂರು ವರ್ಷ ಅದಕ್ಕಿಂತ ಕಡಿಮಿ. ನಾನು ಖುಷಿಯಾಗೇ ಉತ್ತರ ಟೈಪ್ ಮಾಡಾಕ ಕುಂತೆ, ಅಕ್ಕಾರು ಎಲ್ಲಾರಿಗೂ ಚಾ ಮಾಡಿ ಕೊಟ್ರು.

ಟೈಪ್ ಮಾಡೂವಾಗ ಬಿಕಾಂ ಹುಡುಗಿ ಕೇಳಿದ್ಲು, "ಸರ, ಈ ದೊಡ್ಡ ದೊಡ್ಡ ಹಸಿರು ಏನ್ರಿ, ಹದಿನೆಂಟ್ ಸಾವಿರ, ಇಪ್ಪತ್ತೆರಡ್ ಸಾವಿರ?" ನಾನು ಖಾನಾವಳಿದ್ದು ಇರಬೇಕು ಅಂದೆ. ಅಕ್ಕಾರು ಇಲ್ಲ ಅಂದ್ರು. 2024ರ ಮೇದಿಂದ ಮನಿ ಶಾಂತಿ, ಕುಬಸ ಇಂಥಾದಕ್ಕ ರೊಟ್ಟಿ ಊಟದ ಆರ್ಡರ್ ಹಿಡಿಯಾಕತ್ತಿದ್ರಂತ. ರೊಟ್ಟಿ, ಎಣಗಾಯಿ, ಕಾಳು ಪಲ್ಯಾ, ಹಿಂಡಿ, ಮೊಸರು, ಅನ್ನ ಸಾರು, ಎಲ್ಲಾ ಮಾಡ್ಕೊಂಡು ಹೋಗಿ ಅಲ್ಲೇ ಎಲಿ ಹಾಕಿ ಬಡಿಸಿ ಬರೂದು. ವರ್ಷಕ್ಕ ಒಟ್ಟು 2 ಲಕ್ಷ 40 ಸಾವಿರದ್ದು.

ಅಲ್ಲಿಗೆ ನನ್ನ ಬೆರಳು ನಿಂತ್ವು. ಮಾಡಿದ ಅಡಗಿ ಒಯ್ದು ಬಡಿಸಿದ್ರ ಅದು ಕೇಟರಿಂಗ್, ಸೇವೆ. ನಲವತ್ತು ಲಕ್ಷದ ಮಿತಿ ಇರೂದು ಬರೀ ಸಾಮಾನು ಮಾರೋರಿಗೆ. ಸೇವೆ ಕೂಡಿತು ಅಂದ್ರ ಮಿತಿ 20 ಲಕ್ಷ, ಮತ್ತ ಆ 20 ಲಕ್ಷ ಎಣಿಸೂವಾಗ ಬರೀ ಊಟದ ರೊಕ್ಕ ಎಣಿಸಂಗಿಲ್ಲ, ರೊಟ್ಟಿ, ಹಿಂಡಿ, ಹೋಳಿಗಿ ಎಲ್ಲಾ ಕೂಡೇ ಎಣಿಸ್ತಾರ. 2 ಲಕ್ಷ 40 ಸಾವಿರದ ಊಟ 36 ಲಕ್ಷದ ರೊಟ್ಟಿ ವ್ಯಾಪಾರವನ್ನ ಪೂರ್ತಿ ಒಳಗ ಎಳಕೊಂಡು ಬಂತು. ಕಾನೂನು ಹಿಂಗ ಐತಿ, ಅದು ಸರಿನೋ ತಪ್ಪೋ ಅನ್ನೂದು ಬ್ಯಾರೆ ಮಾತು, ಆದ್ರ ನಾಕ್ ಮನಿಗೆ ಎಲಿ ಹಾಕಿ ಬಡಿಸೂಕಿಂತ ಮುಂಚೆ ಈ ಗೆರಿ ಇಲ್ಲೈತಿ ಅಂತ ಅವ್ರಿಗೆ ಹೇಳೋರು ಯಾರೂ ಇರ್ಲಿಲ್ಲ, ಅದು ನನಗ ಇವತ್ತಿಗೂ ಸಂಕಟ ಆಗೋ ವಿಷಯ.

ಅವತ್ತ ರಾತ್ರಿ ಮಗ ನನ್ನ ಹೊರಗ ಕರ್ಕೊಂಡು ಹೋಗಿ, "ಅಣ್ಣಾರ, ಅದನ್ನ ಬಿಟ್ಟು ಬರದ್ರ ಯಾರಿಗ್ ಗೊತ್ತಾಗ್ತೈತ್ರಿ" ಅಂದ. ಅವ್ನ ಸಿಟ್ಟು ನನಗ ಅರ್ಥ ಆತು. ಆದ್ರ ಎಲ್ಲಾ ಆರ್ಡರ್ ರೊಕ್ಕ ಯುಪಿಐ ಮೂಲಕ ಬಂದಿದ್ದು, ಮ್ಯಾಲಿಂದ "ಕುಬಸದ ಊಟ" ಅಂತ ಮಂದಿ ನೋಟ್ ಬ್ಯಾರೆ ಬರದಿದ್ರು. ಅದಕ್ಕಿಂತ ಮುಖ್ಯ, ನಾವು ಕ್ಯಾಲೆಂಡರ್, ಪಾಸ್‌ಬುಕ್ ಎಲ್ಲಾ ಇಟ್ಟು ನಮ್ಮ ಮಾತು ನಂಬ್ರಿ ಅಂತ ಕೇಳಾಕ ಹೊಂಟೀವಿ, ಅದರಾಗ ಒಂದು ಮುಚ್ಚಿಟ್ಟಿದ್ದು ಸಿಕ್ಕ್ರ ಉಳಿದ ನಾಕ್ ವರ್ಷದ ಮಾತೂ ನೀರಾಗ ಹೋಗ್ತೈತಿ. ನಿರ್ಧಾರ ಮಾಡಿದ್ದು ಅಕ್ಕಾರು. "ಇದ್ದದ್ದು ಬರಿ ತಮ್ಮಾ, ರೊಟ್ಟಿ ಎಣಿಸಿ ಕೊಟ್ಟಾಕಿ ನಾನು, ಇದನ್ನೂ ಎಣಿಸಿ ಕೊಡ್ತೀನಿ."

ಬರದ್ವಿ. ಮೊದಲ ಮೂರು ವರ್ಷ ಬರೀ ಸಾಮಾನು, ವಹಿವಾಟು 40ರ ಒಳಗ, ಹಂಗಾಗಿ ನೋಂದಣಿ ಬೇಕಿರ್ಲಿಲ್ಲ. ನಾಕನೇ ವರ್ಷ ಸೇವೆ ಸೇರಿತು, ಎಲ್ಲಾ ಕೂಡಿ 20 ಲಕ್ಷ ದಾಟಿದ್ದು 2024ರ ಅಕ್ಟೋಬರ್ ನಡುವ, ಅಲ್ಲಿಂದ ಮಾರ್ಚ್ ತನಕ ಆದ ವ್ಯಾಪಾರ 18 ಲಕ್ಷ 50 ಸಾವಿರ. ಆವಾಗ ರೊಟ್ಟಿಗೂ ಶೇ 5, ಹಿಂಡಿಗೂ 5, ಕೇಟರಿಂಗಿಗೂ 5, ಶೇ 18 ಎಲ್ಲೂ ಇಲ್ಲ. ಗಿರಾಕಿ ಕಡೆಯಿಂದ ಬ್ಯಾರೆ ತೆರಿಗಿ ತಗೊಂಡಿಲ್ಲ, ಅದಕ್ಕ ಬಂದ ರೊಕ್ಕದಾಗೇ ತೆರಿಗಿ ಸೇರೈತಿ ಅಂತ ಹಿಡದು 105ಕ್ಕ 5ರಂತೆ ತಗದ್ರ ಸುಮಾರು 88 ಸಾವಿರ. 2025ರ ಏಪ್ರಿಲ್‌ನಿಂದ ನೋಂದಣಿ ಆಗೂ ತನಕ ಇನ್ನೊಂದು 16 ಲಕ್ಷಕ್ಕ 76 ಸಾವಿರ. ಕೂಡಿ 1 ಲಕ್ಷ 64 ಸಾವಿರ, ಶೇ 18ರ ಬಡ್ಡಿ ಅದರ ಮ್ಯಾಲೆ. ಇಪ್ಪತ್ತೈದು ಲಕ್ಷ ಎಲ್ಲಿ, ಇದೆಲ್ಲಿ.

ಮುಂದಿನ ಪ್ರಶ್ನೆ ನೋಂದಣಿದು, ಇಲ್ಲಿ ಮೂರು ದಾರಿ ಇದ್ವು. ಊಟದ ಆರ್ಡರ್ ಬಿಟ್ಟು ಬಿಡೂದು, ಆವಾಗ ಮುಂದಿನ ವರ್ಷದಿಂದ ಮಿತಿ ಮತ್ತ 40. ನಾನು ಅದನ್ನ ಹೇಳ್ದೆ, ಹೇಳೂದು ನನ್ನ ಕೆಲಸ. ಅಕ್ಕಾರು ಒಪ್ಪಲಿಲ್ಲ. ಆರ್ಡರ್ ಇದ್ದ ದಿನ ಬಡಿಸಾಕ ಹೋದ ಹೆಣ್ಮಕ್ಕಳಿಗೆ ಡಬಲ್ ಕೂಲಿ ಸಿಗ್ತೈತಿ, ಅದರಾಗ ಇಬ್ರು ಗಂಡ ಇಲ್ಲದವ್ರು, ಮತ್ತ ಈ ವರ್ಷ ವ್ಯಾಪಾರ ಹೆಂಗಿದ್ರೂ 40 ದಾಟೂ ಹಂಗ ಐತಿ, ಗೆರಿಗೆ ಹೆದರಿ ಎಷ್ಟ್ ದಿನ ಕೈ ಕಟ್ಕೊಂಡು ಕುಂದ್ರೂದು ಅಂದ್ರು. ಎರಡನೇದು ಕಂಪೋಸಿಷನ್: ಮಾಡಿ ಮಾರೂದಕ್ಕ ವಹಿವಾಟಿನ ಮ್ಯಾಲೆ ಶೇ 1, ಊಟಕ್ಕ ಶೇ 5, ಮೂರು ತಿಂಗಳಿಗೊಮ್ಮೆ ಕಟ್ಟೂದು, ಆದ್ರ ಗಿರಾಕಿ ಕಡೆ ತೆರಿಗಿ ಅಂತ ಕೇಳಂಗಿಲ್ಲ, ಕೈಯಿಂದ ಹೋಗ್ತೈತಿ, ಮತ್ತ ಹೊರ ರಾಜ್ಯಕ್ಕ ಸಾಮಾನು ಕಳಿಸಂಗಿಲ್ಲ. ಮೂರನೇದು ರೆಗ್ಯುಲರ್, ಎಲ್ಲಾದಕ್ಕೂ 5 ಹಾಕಿ ಬಿಲ್ ಕೊಡೂದು.

ಆಗಸ್ಟ್‌ನಾಗ ಲೆಕ್ಕ ಹಾಕಿದಾಗ ರೆಗ್ಯುಲರ್ ಆದ್ರ ಹಿಂದಿನ ವರ್ಷದ ವ್ಯಾಪಾರಕ್ಕೇ 1 ಲಕ್ಷ 92 ಸಾವಿರ ತೆರಿಗಿ, ರೊಟ್ಟಿ ದರ ಶೇ 5 ಏರಿಸಬೇಕು, ಖಾನಾವಳಿಯವ್ರು ಶೇ 5ರಾಗ ಇರೋದ್ರಿಂದ ಅವ್ರಿಗೂ ಇನ್‌ಪುಟ್ (ಖರೀದಿಗೆ ಕೊಟ್ಟ ತೆರಿಗಿನ ತಾವು ಕಟ್ಟೂದರಾಗ ಕಳಕೊಳ್ಳೂದು) ಸಿಗಂಗಿಲ್ಲ, ಅವ್ರು ತಕರಾರು ತಗೀತಾರ. ನಮಗ ಬರೂ ಇನ್‌ಪುಟ್ ಅಂದ್ರ ಕಮರ್ಷಿಯಲ್ ಸಿಲಿಂಡರ್, ಪ್ಲಾಸ್ಟಿಕ್ ಕವರ್ ಇಷ್ಟ, ಬಿಡಿ ಜೋಳಕ್ಕ ತೆರಿಗಿ ಇಲ್ಲ. ಕಂಪೋಸಿಷನ್ ಆದ್ರ 48 ಸಾವಿರ. ಕಂಪೋಸಿಷನ್ ಅಂತಾನೇ ಮಾಡಿಸಿದ್ವಿ.

ಸೆಪ್ಟೆಂಬರ್ 3ಕ್ಕ ತೆರಿಗಿ ದರ ಠರಾವು ಮಾಡೋ ಜಿಎಸ್‌ಟಿ ಕೌನ್ಸಿಲ್ ಸಭೆ ಆತು, 22ರಿಂದ ಹೊಸ ದರ, ಚಪಾತಿ, ರೊಟ್ಟಿ, ಖಾಖ್ರಾಕ್ಕ ಶೂನ್ಯ. ಅಕ್ಕಾರು ಫೋನ್ ಮಾಡಿ ರೊಟ್ಟಿಗೆ ಟ್ಯಾಕ್ಸ್ ಹೋತಂತಲ್ಲ ಅಂತ ನಕ್ಕಿದ್ದು ನನಗ ನೆನಪೈತಿ, ನೋಟಿಸ್ ಬಂದ ಮ್ಯಾಲೆ ಮೊದಲ್ನೇ ಸಲ ನಕ್ಕಿದ್ದು. ಆದ್ರ ಕಂಪೋಸಿಷನ್‌ನಾಗ ಮಾಡಿ ಮಾರೋರಿಗೆ ಶೇ 1 ಬರೂದು ರಾಜ್ಯದೊಳಗಿನ ಒಟ್ಟು ವಹಿವಾಟಿನ ಮ್ಯಾಲೆ, ಶೂನ್ಯ ದರದ್ದೂ ಅದರಾಗ ಸೇರ್ತೈತಿ. ಅಂದ್ರ ತೆರಿಗಿನೇ ಇಲ್ಲದ ರೊಟ್ಟಿಗೆ ಅಕ್ಕಾರು ಕೈಯಿಂದ ಶೇ 1 ಕಟ್ಟಬೇಕು. ರೆಗ್ಯುಲರ್ ಆದ್ರ ರೊಟ್ಟಿಗೆ ಏನೂ ಇಲ್ಲ, ಹಿಂಡಿ, ಹೋಳಿಗಿ, ಊಟ ಕೂಡಿ ಹನ್ನೊಂದೂವರೆ ಲಕ್ಷಕ್ಕ 5ರಂಗ 57 ಸಾವಿರ ಚಿಲ್ಲರೆ, ಅದೂ ಗಿರಾಕಿ ಕೊಡೂದು. ಮೊತ್ತ ನೋಡಿದ್ರ 48 ಸಣ್ಣದು ಅನ್ನಿಸ್ತೈತಿ, ಆದ್ರ ಒಂದು ಗಂಟಿನಿಂದ ಹೋಗೂದು, ಇನ್ನೊಂದು ಬಿಲ್‌ನಾಗ ಬರೂದು. ಮ್ಯಾಲಿಂದ ಪುಣೆಯ ಒಂದು ಅಂಗಡಿಯವ್ರು ಎರಡು ವರ್ಷದಿಂದ ರೊಟ್ಟಿ ಕಳಿಸ್ರಿ ಅಂತ ಕೇಳಾಕತ್ತಿದ್ರು, ದಾರ್ಯಾಗ ಮುರೀತಾವ ಅಂತ ಅಕ್ಕಾರು ಕಳಿಸಿರಲಿಲ್ಲ. (ಕಳಿಸದಿದ್ದದ್ದು ಎಷ್ಟ್ ಚಲೋ ಆತು ಅಂದ್ರ, ತೆರಿಗಿ ಬೀಳೋ ಸಾಮಾನು ಹೊರ ರಾಜ್ಯಕ್ಕ ಒಂದ ಡಬ್ಬಿ ಮಾರಿದ್ರೂ ಮಿತಿ ನೋಡಂಗಿಲ್ಲ, ನೋಂದಣಿ ಕಡ್ಡಾಯ. ಹಿಂದಿನ ಮೂರು ವರ್ಷದ ಉತ್ತರ ಪೂರಾ ಬಿದ್ದು ಹೋಗ್ತಿತ್ತು.) ಹಿಂಗಾಗಿ ಅಕ್ಟೋಬರ್‌ನಿಂದ ಕಂಪೋಸಿಷನ್ ಬಿಟ್ಟು ರೆಗ್ಯುಲರ್‌ಗೆ ಬಂದ್ವಿ. ರಿಟರ್ನ್ ಮೂರು ತಿಂಗಳಿಗೊಮ್ಮೆ, ಮೊದಲ ಎರಡು ತಿಂಗಳ ತೆರಿಗಿ ಅದರ ಮುಂದಿನ ತಿಂಗಳು 25ರೊಳಗ ಚಲನ್ ಮೂಲಕ.

ಬಿಲ್ ಬರಿಯೋದು ಕಲಿಸಾಕ ಮಾತ್ರ ಭಾಳ ಕಷ್ಟ ಆತು. ಒಬ್ಬ ಗಿರಾಕಿ ರೊಟ್ಟಿನೂ ಒಯ್ತಾನ, ಹಿಂಡಿನೂ ಒಯ್ತಾನ, ಒಂದಕ್ಕ ಸೊನ್ನಿ, ಒಂದಕ್ಕ ಐದು. ನೋಂದಣಿ ಇಲ್ಲದ ಗಿರಾಕಿಗೆ ಎರಡೂ ಒಂದ ಬಿಲ್‌ನಾಗ ಹಾಕಬಹುದು ಅಂತ ನಿಯಮ ಐತಿ, ಅದರಂತೆ ಎರಡು ಕಾಲಮ್ಮಿನ ಬುಕ್ ಮಾಡಿಸಿ ಕೊಟ್ಟೀವಿ. ಬಿಕಾಂ ಹುಡುಗಿ ಈಗ ಸಂಜಿ ಎರಡು ತಾಸು ಅವ್ರ ಹತ್ರಾನೇ ಕೆಲಸಕ್ಕ ಬರ್ತಾಳ. ಸಂಘದ ಕಂತು ಸಂಘದ ಖಾತೆಗೇ ಹೋಗ್ತೈತಿ, ಮಗ ಹಳೇ ಖಾತೆಗೆ ಕಳಿಸ್ತಾನ. ನನ್ನ ಹತ್ರ ಬರೋ ಖಾನಾವಳಿ, ಚಕ್ಕುಲಿ ಮಾಡೋರು, ಹೊಲಿಗಿ ಅಂಗಡಿಯವ್ರು ಎಲ್ಲಾರಿಗೂ ಈಗ ವ್ಯಾಪಾರ ಎಷ್ಟ್ ಅಂತ ಕೇಳೂಕಿಂತ ಮುಂಚೆ ಎರಡು ಪ್ರಶ್ನೆ ಕೇಳ್ತೀನಿ: ಮಾರೂದರ ಜೊತಿಗೆ ಏನರ ಕೆಲಸ ಮಾಡಿ ಕೊಟ್ಟು ರೊಕ್ಕ ತಗೋತೀರೇನು, ರಾಜ್ಯದ ಹೊರಗ ಏನರ ಕಳಿಸ್ತೀರೇನು. ಇವೆರಡೂ ಮೊದಲ ಕೇಳಿದ್ರ ಅಕ್ಕಾರ ಮನ್ಯಾಗ ನಾನು ಅರ್ಧ ಉತ್ತರ ಟೈಪ್ ಮಾಡಿ ಅಳಸ್ತಿರಲಿಲ್ಲ.

ಉತ್ತರ ಕೊಟ್ಟ ಮ್ಯಾಲೆ ಒಂದ್ ಸಲ ವಿಚಾರಣೆಗೆ ಕರದ್ರು. ಅಧಿಕಾರಿ ಕ್ಯಾಲೆಂಡರ್ ಒಂದೊಂದ ಹಾಳಿ ತಿರುವಿ ನೋಡಿದ್ರು, ಒಂದ್ ತಿಂಗಳ ಎಣಿಕಿ ತಾವ ಕೂಡಿಸಿ ಸ್ಟೇಟ್‌ಮೆಂಟ್‌ಗೆ ಹೊಂದಿಸಿ ನೋಡಿದ್ರು. ಮೊದಲ ಮೂರು ವರ್ಷದ್ದು ಕೈಬಿಟ್ಟೀವಿ ಅಂತ ಬರದು ಬಂತು. 2024ರ ಅಕ್ಟೋಬರ್ ನಂತರದ್ದು ಪರಿಶೀಲನೆಯಾಗ ಐತಿ ಅಂದ್ರು. ಅಕ್ಕಾರು ಚೀಟಿ ಎತ್ತಿದ ರೊಕ್ಕದಾಗ 1 ಲಕ್ಷ 64 ಸಾವಿರ ಬ್ಯಾಂಕಿನಾಗ ಬ್ಯಾರೆ ಇಟ್ಟಾರ, ಮುಟ್ಟಂಗಿಲ್ಲ. ಸರ್ಕಾರ ಹಳೇದು ಕೇಳಂಗಿಲ್ಲ ಅಂದಿದ್ದು ಇವ್ರಿಗೂ ಹತ್ತತೈತೋ ಇಲ್ಲೋ ಅನ್ನೂದು ಕಾಗದದ ಮ್ಯಾಲೆ ಬರಬೇಕು, ಅಲ್ಲೀ ತನಕ ಕಾಯೂಣ ಅಂತ ನಾನಂದೀನಿ, ಬಡ್ಡಿ ನಡೀತೈತಿ ಅನ್ನೂದನ್ನೂ ಹೇಳೀನಿ. ಪ್ರತಿ ಸೋಮವಾರ ಮುಂಜಾನೆ, ಹಂಚು ಹಚ್ಚೂಕಿಂತ ಮೊದಲ, ಅಕ್ಕಾರ ಫೋನ್ ಬರ್ತೈತಿ. "ತಮ್ಮಾ, ಕಾಗದ ಬಂತೇನು?"